ರೋಬೋಟ್ ಫಾರ್ವರ್ಡ್: ಕೌಲ್ ಬಜಾರ್ ಮನೆ ಗುಂಪು, ಬಳ್ಳಾರಿ

ರವಿ ಚಿಕ್ಕಪ್ಪ: [ಫಾರ್ವರ್ಡ್] ಅಂಡಾಶಯದ ಕ್ಯಾನ್ಸರ್ ಎಷ್ಟೇ ಹಬ್ಬಿರಲಿ, ಭಯ ಬೇಡ! ಹೊಟ್ಟೆ ಕೊಯ್ಯದೆ ರೋಬೋಟೇ ಆಪರೇಷನ್ ಮಾಡುತ್ತದೆ!! ಎಲ್ಲರಿಗೂ ಕಳಿಸಿ.

ರವಿ ಚಿಕ್ಕಪ್ಪ: ನಾನು ಆವತ್ತೇ ಹೇಳಿದ್ದೆ, ಸುಶೀಲಕ್ಕನ ಹೊಟ್ಟೆ ಕೊಯ್ಸೋದು ಬೇಡ ಅಂತ. ಯಾರು ಕೇಳಿದಿರಿ?

ಮಂಜು: ಎಲ್ಲಿಂದ ಬಂತು ಇದು? ಯಾವ ಆಸ್ಪತ್ರೆ? ಯಾವ ಡಾಕ್ಟರು? ಹೆಸರೇ ಇಲ್ಲ.

ರವಿ ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಹೊಲದ ವಿಷಯದಲ್ಲೂ ಹೀಗೇ ಮಾಡಿದೆ.

ದೊಡ್ಡಪ್ಪ: ಇಲ್ಲಿ ಹೊಲದ ಮಾತು ಬೇಡ. ಮನೆ ಹೆಣ್ಣುಮಗಳಿಗೆ ಹುಷಾರಿಲ್ಲ. ಕನಕದುರ್ಗಮ್ಮನಿಗೆ ಕೈ ಮುಗಿಯಿರಿ. ಹಿರಿಯರಿಗೆ ಎದುರು ಮಾತಾಡೋದು ನಮ್ಮ ಮನೆಯಲ್ಲಿ ಇರಲಿಲ್ಲ.

ಮಂಜು: ಯಾವ ಡಾಕ್ಟರು ಅಂತ ಕೇಳೋದು ಎದುರು ಮಾತಾ ದೊಡ್ಡಪ್ಪ?

ಪವಿತ್ರಾ: ಚಿಕ್ಕಪ್ಪ, ದಯವಿಟ್ಟು ಪೂರ್ತಿ ಓದಿ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಅದರ ಕೈಗಳನ್ನು ನಡೆಸುವುದು ಡಾಕ್ಟರೇ. ಸುಶೀಲ ಅತ್ತೆಗೆ ಮೂರನೇ ಹಂತ. ಕಾಯಿಲೆ ಹೊಟ್ಟೆಯ ಒಳಪದರಕ್ಕೆ ಹಬ್ಬಿದೆ. ಕರುಳಿನ ಮೇಲೆ ಸಜ್ಜೆ ಕಾಳಿನಷ್ಟು ಸಣ್ಣ ಗಂಟುಗಳೂ ಇರಬಹುದು. ಕಣ್ಣಿಗೆ ಕಾಣುವ ಒಂದೂ ಉಳಿಯಬಾರದು. ಅದಕ್ಕೇ ಉದ್ದಕ್ಕೆ ತೆರೆದು, ಕೈಯಿಂದ ಮುಟ್ಟಿ ನೋಡುತ್ತಾರೆ. ರೋಬೋಟಿನ ಹಾಗೆ ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್‌ನಲ್ಲಿ ನೋವು ಕಡಿಮೆ, ಬೇಗ ಮನೆಗೆ ಬರಬಹುದು. ಅದು ನಿಜ. ಕೀಮೋ ಅಂದರೆ ಕ್ಯಾನ್ಸರ್ ಔಷಧಿಗೆ ಗಂಟು ಚೆನ್ನಾಗಿ ಕರಗಿದವರಿಗೆ ಅದು ಸಾಕಾಗುತ್ತದಾ ಅಂತ ನೋಡಲು ಲ್ಯಾನ್ಸ್ ಎಂಬ ಅಧ್ಯಯನವನ್ನೇ ಶುರು ಮಾಡಿದ್ದಾರೆ. ಬೇಗ ಮನೆಗೆ ಬಂದರೆ ಸಾಲದು ಚಿಕ್ಕಪ್ಪ. ಗರ್ಭಕೊರಳಿನ ಕ್ಯಾನ್ಸರ್ ಬೇರೆ ಕಾಯಿಲೆ, ಆದರೂ ಅಲ್ಲಿ ಏನಾಯಿತು ನೋಡಿ. ಅದರ ಆರಂಭದ ಹಂತದವರಲ್ಲಿ ಎರಡೂ ಬಗೆಯನ್ನು ಹೋಲಿಸಿದ ಫಲಿತಾಂಶ 2018ರಲ್ಲಿ ಬಂತು. ನಾಲ್ಕೂವರೆ ವರ್ಷದ ನಂತರ ಕಾಯಿಲೆಯಿಲ್ಲದೆ ಬದುಕಿದ್ದವರು ಹೊಟ್ಟೆ ತೆರೆದವರಲ್ಲಿ 96.5%, ರಂಧ್ರದವರಲ್ಲಿ 86%.

ಬಸು: ಅತ್ತೆ ಹಂಪಿ ಎಕ್ಸ್‌ಪ್ರೆಸ್‌ಗೆ ಹೋಗುತ್ತಾರಾ? ಮೊದಲು ನಮಗೆ ರೈಲಿಗೆ ಅಂತ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಕೊಡುತ್ತಿದ್ದರು. ಆ ರುಚಿ ಎಲ್ಲೂ ಸಿಗಲಿಲ್ಲ.

ರವಿ ಚಿಕ್ಕಪ್ಪ: ಪವಿತ್ರಾ, ನೀನು ನರ್ಸಿಂಗ್ ಓದಿದ್ದೀಯ, ಒಪ್ಪಿದೆ. ಮಂಜು ಯಾಕೆ ನಿನ್ನ ಮೆಸೇಜಿಗೆ ಹೆಬ್ಬೆರಳು ಒತ್ತಿದ? ನನ್ನನ್ನು ಸುಮ್ಮನಾಗಿಸಲಿಕ್ಕಾ?

ದೊಡ್ಡಪ್ಪ: ರವಿ, ಸಾಕು.

ಪವಿತ್ರಾ: ಸೋಮವಾರ ಬೆಂಗಳೂರಲ್ಲಿ ಅಡ್ಮಿಟ್. ರಕ್ತ ಕೊಡಲು ಇಬ್ಬರು ಬೇಕು. ಯಾರು ಬರುತ್ತೀರಿ?

ರವಿ ಚಿಕ್ಕಪ್ಪ: ನಾನು ಬರುತ್ತೇನೆ. ಈ ಫಾರ್ವರ್ಡನ್ನೂ ಡಾಕ್ಟರಿಗೆ ತೋರಿಸುತ್ತೇನೆ.

ಪವಿತ್ರಾ: ತೋರಿಸಿ ಚಿಕ್ಕಪ್ಪ. ಜೊತೆಗೆ ಇದನ್ನೂ ಕೇಳಿ: ಒಂದೂ ಗಂಟು ಉಳಿಯದ ಹಾಗೆ ತೆಗೆಯಲು ಅತ್ತೆಗೆ ಯಾವ ದಾರಿ ಒಳ್ಳೆಯದು?

ಮಂಜು: ನಾನೂ ಬರುತ್ತೇನೆ.

ರವಿ ಚಿಕ್ಕಪ್ಪ: ಅವನು ಬೇರೆ ಬೋಗಿಯಲ್ಲಿ ಬರಲಿ.