ಅಪ್‌ಡೇಟ್: ಹಳೇ ಕಂಪ್ಯೂಟರ್ ಸ್ಪೀಕರ್ ಕೊನೆಗೂ ಹಾಡಿತು

ನಾನೇ ಜೋಡಿಸಿದ ಆಂಪ್ಲಿಫೈಯರ್ ಗದ್ದಲ ಹೇಗೆ ನಿಲ್ಲಿಸೋದು ಅಂತ ಹೋದ ವಾರ ಕೇಳಿದ್ದೆ, ನೆನಪಿರಬಹುದು. ಕೆಟ್ಟ ಕಂಪ್ಯೂಟರ್ ಸ್ಪೀಕರ್‌ಗಳಿಂದ ಬಿಚ್ಚಿದ ಎರಡು 4 ಓಮ್ ಸ್ಪೀಕರ್, ಅವಕ್ಕೆ ಸದ್ದು ಹೆಚ್ಚಿಸುವ ಒಂದೊಂದು ಎಲ್‌ಎಂ386 ಐಸಿ. ಹಾಡಿಗಿಂತ ಗುಂಯ್ ಸದ್ದೇ ಜಾಸ್ತಿ ಬರುತ್ತಿತ್ತು.

ನೀವು ಹೇಳಿದ ಹಾಗೆ ಐಸಿಯ 1 ಮತ್ತು 8ನೇ ಪಿನ್ ನಡುವಿನ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಿತ್ತೆ. ಅದಿದ್ದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಅನ್ನೋದು) 200, ಇಲ್ಲದಿದ್ದರೆ 20 ಅಂತೆ. ಮೊಬೈಲ್‌ನಿಂದ ಬರುವ ಸಿಗ್ನಲ್‌ಗೆ 20 ಧಾರಾಳ. ನಾನು ಸುಮ್ನೆ ಇರಲಿ ಅಂತ ಹಾಕಿದ್ದೆ, ಅಷ್ಟೇ! ಅರ್ಧ ಗದ್ದಲ ಅಲ್ಲೇ ಹೋಯಿತು. ಇನ್ನರ್ಧ ನನ್ನದೇ ತಪ್ಪು: ವಾಲ್ಯೂಮ್ ಕಂಟ್ರೋಲ್‌ನ ಗ್ರೌಂಡ್ ವೈರ್ ಮೇಲೆ ಬೆಸುಗೆ ಹೊಳೆಯುತ್ತಿತ್ತು, ಆದರೆ ಹಿಡಿದಿರಲಿಲ್ಲ. ಉಗುರಿನಿಂದ ತಳ್ಳಿದರೆ ಅಲ್ಲಾಡುತ್ತಿತ್ತು. ಮತ್ತೆ ಬಿಸಿ ಮಾಡಿ ಕೂರಿಸಿದೆ.

ಆಮೇಲೆ ಬೇಸ್, ಅಂದರೆ ತಗ್ಗಿನ ಸದ್ದಿನ ವಿಷಯ. ಔಟ್‌ಪುಟ್‌ನಲ್ಲಿ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಇತ್ತು. 4 ಓಮ್ ಸ್ಪೀಕರ್‌ಗೆ ಅದು ಸುಮಾರು 180 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನೆಲ್ಲ ಸೊರಗಿಸುತ್ತದೆ. 1000 ಹಾಕಿದೆ, ಆ ಗಡಿ 40ಕ್ಕೆ ಇಳಿಯಿತು. ಈಗ ತಬಲದ ಡಗ್ಗಾ ಕೇಳಿಸುತ್ತಿದೆ, ಮೊದಲು ಬರೀ ಟಕ್ ಟಕ್.

9 ವೋಲ್ಟ್‌ನ ಚಿಕ್ಕ ಬ್ಯಾಟರಿ ಬಿಟ್ಟುಬಿಟ್ಟೆ. ಸದ್ದು ಏರಿಸಿದರೆ ಸಾಕು, ಸುಸ್ತಾಗುತ್ತಿತ್ತು. ನಾಲ್ಕು ಪೆನ್ ಸೆಲ್, 6 ವೋಲ್ಟ್, ಆರಾಮಾಗಿ ನಡೀತಿದೆ. ಮದುವೆ ಮನೆಗೆ ಸಾಲಲ್ಲ, ಅಡುಗೆಮನೆಗೆ ಸಾಕು. ಅಮ್ಮ ಆಗಲೇ ಅದನ್ನು ಮಿಕ್ಸಿ ಪಕ್ಕ ಇಟ್ಟುಕೊಂಡಿದ್ದಾರೆ.