7,200 ಪೌಂಡ್ ಟ್ರೇಲರ್‌ಗೆ ಅರ್ಧ ಟನ್ ಟ್ರಕ್ ಸಾಕಾ?

ಆಸ್ಟಿನ್ ಹೊಸಬ: ನಮ್ಮ ಅರ್ಧ ಟನ್ ದರ್ಜೆಯ ಫೋರ್ಡ್ ಎಫ್-150 ಪಿಕಪ್ ಟ್ರಕ್ 9,000 ಪೌಂಡ್ ಎಳೆಯುತ್ತದಂತೆ. ನೋಡಿಟ್ಟಿರುವ ಕ್ಯಾಂಪಿಂಗ್ ಟ್ರೇಲರ್ ಡ್ರೈ ವೇಟ್ (ಖಾಲಿ ತೂಕ) 5,600, ಜಿವಿಡಬ್ಲ್ಯುಆರ್ (ಎಲ್ಲ ತುಂಬಿದ ಮೇಲೂ ಮೀರಬಾರದ ತೂಕ) 7,200. ನಾವು ನಾಲ್ಕು ಜನ. ಅನುಭವ ಇದ್ದವರು ಹೇಳಿ.

ಡೆನ್ವರ್ ಗೌಡ: ಆ 9,000 ಮರೆತುಬಿಡಿ. ಡ್ರೈವರ್ ಬಾಗಿಲ ಸಂದಿಯ ಹಳದಿ ಸ್ಟಿಕರ್ ನೋಡಿ. ನನ್ನ ಹಳೇ ಟ್ರಕ್‌ನಲ್ಲಿ ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ, 1,480 ಇತ್ತು. ಟ್ರೇಲರ್ ತುಂಬಿದ ಮೇಲೆ 7,000. ಟಂಗ್ ವೇಟ್ (ಟ್ರೇಲರ್ ಮೂತಿ ಟ್ರಕ್ ಮೇಲೆ ಹಾಕುವ ಭಾರ) ಅದರ 13 ಪರ್ಸೆಂಟ್ ಅಂದರೆ 910. ಟ್ರೇಲರ್ ಜೋಡಿಸುವ ಹಿಚ್‌ದೇ 90. ಉಳಿದಿದ್ದು 480. ನಾನು, ನನ್ನವಳು, ಎರಡು ಮಕ್ಕಳು ಹತ್ತಿದರೆ ಅಷ್ಟೂ ಮುಗೀತು. ಊರಿಂದ ಬಂದ ಅತ್ತೆ ಮಾವನನ್ನು ಎಲ್ಲಿ ಕೂರಿಸಲಿ? "ಏನೂ ಆಗಲ್ಲ" ಅಂದಿದ್ದ ಡೀಲರ್ ಆಮೇಲೆ ಫೋನೇ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ಮುಕ್ಕಾಲು ಟನ್ ಟ್ರಕ್ ತಗೊಂಡೆ. ಹಳೇದರ ಮೇಲೆ 11,000 ಡಾಲರ್ ಲಾಸ್, ಸಾಲಕ್ಕೆ 8 ಪರ್ಸೆಂಟ್ ಬಡ್ಡಿ. ಹಳೇ ಹಿಚ್ ಕೂರದೆ ಅದಕ್ಕೂ ಬೇರೆ ದಂಡ.

ಸ್ಯಾನ್ ಹೋಸೆ ಸವಾರ: ಗೌಡ್ರೇ, ಸುಮ್ನೆ ಹೆದರಿಸಬೇಡಿ. ನಾನು ಅರ್ಧ ಟನ್‌ನಲ್ಲೇ ಗ್ರೇಪ್‌ವೈನ್ ಘಾಟಿ ಹತ್ತಿ ಇಳಿದವನು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿ ಲಿಮಿಟ್, ಅದನ್ನು ದಾಟಲ್ಲ. ಟ್ರೇಲರ್ ಟ್ಯಾಂಕ್‌ಗೆ ನೀರು ತುಂಬಿಸಲ್ಲ. 40 ಗ್ಯಾಲನ್ ಅಂದರೆ 332 ಪೌಂಡ್ ಅಲ್ಲೇ ಉಳಿಯಿತಲ್ಲ.

ಗೌಡ: ಹತ್ತಿದ್ದಕ್ಕೆ ಶಹಬ್ಬಾಸ್. ತೂಕದ ಚೀಟಿ ಎಲ್ಲಿ?

ಫೀನಿಕ್ಸ್ ಅಕ್ಕ: ಹುಕಪ್ (ನೀರು, ಕರೆಂಟ್ ಸಂಪರ್ಕ) ಇರುವ ಕಡೆ ಮಲಗುವವರಿಗೆ ಖಾಲಿ ಟ್ಯಾಂಕ್ ಸರಿ. ಮರುಭೂಮಿಯಲ್ಲಿ ನಿಲ್ಲಿಸುವವರು ಏನು ಮಾಡಬೇಕು? ನಮ್ಮ ಟ್ಯಾಂಕ್ ಆಕ್ಸಲ್ ಹಿಂದಿದೆ. ತುಂಬಿದರೆ ಹಿಂಭಾರ, ಟಂಗ್ ವೇಟ್ 10 ಪರ್ಸೆಂಟ್‌ಗಿಂತ ಕೆಳಗೆ. ಐ-10ರಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದಿದ್ದೇ ತಡ, ಟ್ರೇಲರ್ ಬಾಲ ಬೀಸತೊಡಗಿತು. ಟ್ರಕ್ ಬ್ರೇಕ್ ಮುಟ್ಟದೆ, ಕಂಟ್ರೋಲರ್‌ನಲ್ಲಿ ಟ್ರೇಲರ್ ಬ್ರೇಕ್ ಮಾತ್ರ ಒತ್ತಿ ಹತೋಟಿಗೆ ತಂದೆ. ಆಮೇಲೆ ಕ್ಯಾಟ್ ಸ್ಕೇಲ್ ಅನ್ನೋ ಲಾರಿ ತೂಗುವ ಕಟ್ಟೆಯಲ್ಲಿ ಟ್ರೇಲರ್ ಸಮೇತ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸಿದೆ. ಬ್ರೋಷರ್‌ನ ಡ್ರೈ ವೇಟ್‌ನಲ್ಲಿ ಬ್ಯಾಟರಿಯೂ ಸೇರಿರಲಿಲ್ಲ!

ಸವಾರ: ಅಕ್ಕಾ, ನಿಮ್ಮ ಫೋಟೋದಲ್ಲಿ ವೆಟ್ ಗ್ರೈಂಡರ್ ಕಾಣಿಸ್ತಿದೆ. ಮೊದಲು ಅದನ್ನು ಇಳಿಸಿ.

ಅಕ್ಕ: ಅದು 25 ಪೌಂಡ್. ನಿಮ್ಮ ಬಿಯರ್ ಕೂಲರ್ ತೂಗಿಸಿದ್ದೀರಾ? ನನ್ನ ದೋಸೆ ಹಿಟ್ಟಿನ ತಂಟೆಗೆ ಬರಬೇಡಿ.

ಹೊಸಬ: ನಮ್ಮ ಸ್ಟಿಕರ್ 1,530 ಅಂತಿದೆ. ತಗೊಳ್ಳೋದಾ, ಬೇಡ್ವಾ?

ಗೌಡ: ಅಕ್ಕಾ, ಗ್ರೈಂಡರ್ ಇನ್ವರ್ಟರ್‌ನಲ್ಲಿ ಓಡುತ್ತಾ? ಎಷ್ಟು ವ್ಯಾಟ್?