ಅದಿರು ಬಗೆದ ಹೊಲದಾಗ ಮತ್ತ ಜೋಳ ಬೆಳೀತದೇನು?

ಕೆಂಪುಧೂಳು:
ಸಂಡೂರು ತಾಲ್ಲೂಕಿನಾಂವ ನಾನು. 2005ರಾಗ ನಮ್ಮಪ್ಪ ನಾಲ್ಕು ಎಕರೆ ಪಟ್ಟಾ ಹೊಲ ಅದಿರು ಎತ್ತಾಕ ಕೊಟ್ಟ. ಗುಡ್ಡದ ಬುಡದ ಹೊಲ. ಮಣ್ಣಾಗ ಅದಿರಿನ ಹಳ್ಳು ಮೊದಲಿಂದನೂ ಇದ್ವು, ಕುಂಟಿ ಹೊಡೆವಾಗ ಕಟಕಟ ಅಂತಿತ್ತು. ಬಂದವರು ಟನ್ನಿಗಿಷ್ಟು ಅಂತ ಮಾತಾಡಿದ್ರು, ಹಿಟಾಚಿ ಇಳಿಸಿದ್ರು, ಎರಡು ವರ್ಷ ಬಗೆದ್ರು, ಹೋದ್ರು. ಮನಿ ಕಟ್ಟಿಸಿದ್ವಿ, ಅಕ್ಕನ ಮದುವಿ ಆತು, ಒಂದು ಬೈಕು ಬಂತು. ಹೊಲದಾಗ ಉಳಿದದ್ದು ಎರಡಾಳು ಆಳದ ಗುಂಡಿ, ಪಕ್ಕಕ್ಕ ಮಣ್ಣಿನ ದಿಬ್ಬ, ದಿಬ್ಬದ ತುಂಬ ಬಳ್ಳಾರಿ ಜಾಲಿ.
ಈಗ ಗಣಿ ಬಾಧಿತ ಊರುಗಳ ಪುನಶ್ಚೇತನಕ್ಕ ಸಾವಿರಾರು ಕೋಟಿ ಐತಿ ಅಂತ ಪೇಪರ್‌ನಾಗ ಓದ್ತೀವಿ. ಇನ್ನೊಂದು ಕಡಿಗೆ ದೇವದಾರಿ ಗುಡ್ಡದಾಗ ಹೊಸದಾಗಿ ಸುಮಾರು 400 ಹೆಕ್ಟೇರ್ ಕಾಡು ಗಣಿಗೆ ಬೇಕು ಅಂತಾರ. ನನ್ನ ಪ್ರಶ್ನಿ ಸಣ್ಣದು. ಆ ಗುಂಡಿ ಮುಚ್ಚಿ ಮತ್ತ ಜೋಳ ಬೆಳಿಯಾಕ ಆಗ್ತದೋ ಇಲ್ಲೋ? ತಮ್ಮ ಆಗ್ತದ ಅಂತಾನ, ಅವ್ವ ನಗ್ತಾಳ.

ಹತ್ತುಗಾಲಿ_ಹೊಸಪೇಟೆ:
ರೊಕ್ಕ ಎಣಿಸ್ಕೊಳ್ಳುವಾಗ ಹೊಲ ನೆನಪಿರಲಿಲ್ಲೇನಪ್ಪ? ಬ್ಯಾಸರ ಮಾಡ್ಕೋಬ್ಯಾಡ, ನಾನೂ ಅದ ರೊಕ್ಕ ತಿಂದವನ. ಎರಡು ಟಿಪ್ಪರ್ ಇದ್ವು ನಂದು. ಬೇಲೆಕೇರಿ ಬಂದರಿಗೆ ಹೊಡೀತಿದ್ದೆ, ಅರಬೈಲ್ ಘಾಟ್ ಕಣ್ಣು ಮುಚ್ಕೊಂಡು ಇಳಿಸ್ತಿದ್ದೆ. 2011ರ ಜುಲೈ 29, ಶುಕ್ರವಾರ. ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ಬಂದ್ ಅಂದ ದಿನ ಒಂದು ಗಾಡಿ ತೋರಣಗಲ್ಲು ರಸ್ತಿಗೆ ಲೋಡ್ ಸಮೇತ ನಿಂತಿತ್ತು. ಆರು ತಿಂಗಳಿಗೆ ಫೈನಾನ್ಸಿನವರು ಎರಡನ್ನೂ ಎಳಕೊಂಡು ಹೋದ್ರು. ಗಣಿ ಮಾಲಕರು ಇವತ್ತಿಗೂ ಚಲೋನ ಅದಾರ. ಡ್ರೈವರು, ಕ್ಲೀನರು, ಟೈರ್ ಪಂಚರ್ ಹಾಕಾಂವ, ಢಾಬಾದಾಂವ, ಇವರ ಲೆಕ್ಕ ಯಾವ ವರದಿಯಾಗೂ ಇಲ್ಲ. ಅದಕ್ಕ ಗಣಿ ನಿಲ್ಲಿಸ್ರಿ ಅಂತ ಯಾರರ ಅಂದ್ರ ನನಗ ಪಿತ್ತ ನೆತ್ತಿಗೇರ್ತದ.

ಬೆಂಚ್_ಮಟ್ಟ:
ಗಣಿ ಎಂಜಿನಿಯರ್ ನಾನು, ಇಪ್ಪತ್ತು ವರ್ಷ ಕಬ್ಬಿಣದ ಅದಿರಲ್ಲೇ ಕಳೆದಿದ್ದೀನಿ. ಕೆಂಪುಧೂಳು, ನಿಮ್ಮ ಹೊಲದಲ್ಲಿ ಆಗಿದ್ದು ನಾವು ಗಣಿಗಾರಿಕೆ ಅನ್ನೋದಲ್ಲ. ಗುಡ್ಡದ ಮೇಲಿನ ಹೆಮಟೈಟ್ ಅನ್ನೋ ಕಬ್ಬಿಣದ ಅದಿರಿನ ಪದರ ಸಾವಿರಾರು ವರ್ಷ ಒಡೆದು ಉರುಳಿ ಬುಡದ ಮಣ್ಣಲ್ಲಿ ಸೇರ್ಕೊಂಡಿರುತ್ತೆ. ಅದು ಫ್ಲೋಟ್ ಅದಿರು. ಅದಕ್ಕೆ ಡ್ರಿಲ್ ಬೇಡ, ಮದ್ದು ಬೇಡ. ಹಿಟಾಚಿಯಲ್ಲಿ ಬಗೆದು ಜರಡಿ ಹಿಡಿದ್ರೆ ಮುಗೀತು. ಗುಡ್ಡದ ಮೇಲೆ ಹಾಗಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಕಡೀಬೇಕು, ತೂತು ಕೊರೆದು ಸಿಡಿಸಬೇಕು, ಕ್ರಷರ್‌ಗೆ ಹಾಕಿ ಗಟ್ಟಿ ಉಂಡೆ ಅಂದ್ರೆ ಲಂಪ್ಸ್ ಬೇರೆ, ಫೈನ್ಸ್ ಬೇರೆ ಮಾಡಬೇಕು. ಹತ್ತು ಮಿಲಿಮೀಟರಿಗಿಂತ ಸಣ್ಣ ಪುಡಿ ಫೈನ್ಸ್. ಮೊದಲು ಅದನ್ನ ಕೇಳೋರೇ ಇರಲಿಲ್ಲ, ಪಕ್ಕಕ್ಕೆ ಗುಡ್ಡೆ ಹಾಕ್ತಿದ್ವಿ. 2003ರ ನಂತರ ಚೀನಾ ಅದನ್ನೇ ಹಡಗುಗಟ್ಟಲೆ ಕೊಂಡಿತು. ಆಗಲೇ ನಿಮ್ಮ ತಂದೆಯಂಥವರ ಮನೆ ಬಾಗಿಲಿಗೂ ಜನ ಬಂದಿದ್ದು.

ಅಂಕಿಅಂಶ_ಸುಬ್ಬು:
ಆ ಕಾಲದ ಮೋಜು ನೋಡಿ. 2009ರ ಆಗಸ್ಟ್‌ವರೆಗೆ ಗಣಿಯವರು ಸರ್ಕಾರಕ್ಕೆ ಕಟ್ಟೋ ರಾಜಧನ ಟನ್ನಿಗೆ ಇಷ್ಟು ರೂಪಾಯಿ ಅಂತ ನಿಗದಿ. ಅತ್ಯುತ್ತಮ ಲಂಪ್ಸಿಗೂ 27 ರೂಪಾಯಿ! ಹೊರಗೆ ಅದೇ ಟನ್ನು ಸಾವಿರಗಟ್ಟಲೆಗೆ ಹೋಗ್ತಿತ್ತು. ಆಮೇಲೆ ಬೆಲೆಯ 10%, 2014ರಿಂದ 15% ಆಯ್ತು. ಹೊಟ್ಟೆ ತುಂಬ ಊಟ ಆದ್ಮೇಲೆ ಬಿಲ್ ಹೆಚ್ಚಿಸಿದ ಹಾಗೆ.

ಭದ್ರಾದಂಡೆ:
ಕಳಸದ ಕಡೆಯವಳು. ದೇವದಾರಿ ಹೆಸರು ಬಂದಿದ್ದಕ್ಕೆ ಬರೀತಿದ್ದೇನೆ, ಯಾಕೆಂದ್ರೆ ಅಲ್ಲಿ ಗಣಿ ಕೇಳ್ತಿರೋದು ಕುದುರೆಮುಖದಲ್ಲಿ ಅಗೆದ ಅದೇ ಸರ್ಕಾರಿ ಕಂಪನಿ. 99 ಸಾವಿರಕ್ಕೂ ಹೆಚ್ಚು ಮರ ಹೋಗ್ತವೆ ಅನ್ನೋ ಲೆಕ್ಕ ಬಂತು. ಕುದುರೆಮುಖದ ಅರಣ್ಯ ಹಾನಿಯ ಬಾಕಿ ತೀರುವ ತನಕ ಜಾಗ ಕೊಡಬೇಡಿ ಅಂತ 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರೇ ಹೇಳಿದ್ರು.
ನಮ್ಮ ಕುದುರೆಮುಖದಲ್ಲಿ ಗಣಿ ನಿಂತಿದ್ದು 2005ರ ಕೊನೆಗೆ, ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ. ಅಲ್ಲಿದ್ದದ್ದು ಕಬ್ಬಿಣ ಕಮ್ಮಿ ಇರೋ ಮ್ಯಾಗ್ನಟೈಟ್ ಅದಿರು. ಹಿಟ್ಟಿನ ಹಾಗೆ ಅರೆದು, ಕಬ್ಬಿಣದ ಪುಡಿ ಬೇರೆ ಮಾಡಿ, ಅದನ್ನ ನೀರಲ್ಲಿ ಕಲಸಿ 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಬಿಡ್ತಿದ್ರು. ಉಳಿದ ರಾಡಿಯೆಲ್ಲ ಲಖ್ಯಾ ಅಣೆಕಟ್ಟಿನ ಹಿಂದೆ. ಸುಮಾರು 100 ಮೀಟರ್ ಎತ್ತರದ ಕಟ್ಟೆ, ಹಿಂದೆ ತುಂಬಿರೋದು ಕೆಸರು. ವರ್ಷಕ್ಕೆ 6 ಸಾವಿರ ಮಿಲಿಮೀಟರ್ ಮೇಲೆ ಮಳೆ ಹೊಡೆಯುವ ಜಾಗ ಅದು. ಗಣಿ ನಿಂತು ಎಷ್ಟು ವರ್ಷ ಆದ್ರೂ ಆ ಕಟ್ಟೆಯನ್ನ ಯಾರಾದ್ರೂ ಕಾಯ್ತಾ ಇರಲೇಬೇಕು.

ಹತ್ತುಗಾಲಿ_ಹೊಸಪೇಟೆ:
ಕಾಡು ನೋಡಾಕ ಬೆಂಗಳೂರಿಂದ ಕಾರು ತಗೊಂಡು ಬರೋರಿಗೆ ಕಬ್ಬಿಣ ಬ್ಯಾಡೇನ್ರಿ?

ಭದ್ರಾದಂಡೆ:
ಅಣ್ಣಾ, ನಾನು ಕಳಸದಲ್ಲೇ ಇರೋದು, ಸ್ಕೂಟಿಯಲ್ಲಿ ಓಡಾಡ್ತೇನೆ. ಸ್ಕೂಟಿ ಕಬ್ಬಿಣದ್ದೇ, ಒಪ್ಪಿದೆ.

ಸೈನೈಡ್_ದಿಬ್ಬ:
ಕೆಜಿಎಫ್. ತಾತ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದೋರು, ಮೂರು ಕಿಲೋಮೀಟರಿಗಿಂತ ಆಳ. ಗಣಿ ಬೇಕೋ ಬೇಡವೋ ಅನ್ನೋ ಜಗಳ ಕೇಳಿದಾಗೆಲ್ಲ ನನಗೆ ನಮ್ಮೂರು ಜ್ಞಾಪಕ ಬರುತ್ತೆ. ಸುಮಾರು 120 ವರ್ಷ, 800 ಟನ್ ಚಿನ್ನ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿದ್ದ ಊರು. 2001ರ ಫೆಬ್ರವರಿ 28ಕ್ಕೆ ಬೀಗ. ಪಂಪ್ ನಿಲ್ಲಿಸಿದ್ರು, ಶಾಫ್ಟ್‌ಗಳಲ್ಲಿ ನೀರು ತುಂಬ್ಕೊಂಡು ಬಂತು. ಈಗ ಬೆಳಗಿನ ಜಾವ ಅರ್ಧ ಊರು ಬೆಂಗಳೂರು ರೈಲಲ್ಲಿ ನಿಂತ್ಕೊಂಡು ಹೋಗುತ್ತೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬ ಮಾತ್ರ ಊರು ಬಿಟ್ಟಿಲ್ಲ. ಆಷಾಢದ ಗಾಳಿಗೆ ಒಣಗಾಕಿದ ಬಟ್ಟೆ ಮೇಲೆ ಬಂದು ಕೂರುತ್ತೆ, ಅಮ್ಮ ಈಗ್ಲೂ ಎರಡು ಸಲ ಒಗೀತಾರೆ.

ತುಂಗಭದ್ರೆ_ರೈತ:
ನಮ್ಮ ತುಂಗಭದ್ರಾ ಡ್ಯಾಂ ವಿಷಯ ಯಾರೂ ಎತ್ತಲಿಲ್ಲ. 133 ಟಿಎಂಸಿ ಇದ್ದದ್ದು 105ಕ್ಕೆ ಇಳಿದಿದೆ. ಪೂರ್ತಿ ಗಣಿ ಮಣ್ಣು. ಎರಡನೇ ಬೆಳೆಗೆ ನೀರಿಲ್ಲ ಅಂತ ನಾವು ಕಾಲುವೆ ಮೇಲೆ ಕೂತು ಜಗಳ ಆಡೋದು ಅದಕ್ಕೇ.

ಬೆಂಚ್_ಮಟ್ಟ:
ಪೂರ್ತಿ ಅನ್ನಬೇಡಿ. ಜಲಾಶಯಕ್ಕೆ ನೀರು ಬರೋದು ಮಲೆನಾಡಿನವರೆಗಿನ 28 ಸಾವಿರ ಚದರ ಕಿ.ಮೀ. ನೆಲದಿಂದ. ಅಲ್ಲಿಯ ಉಳುಮೆ, ಕಾಡು ಕಡಿದದ್ದು ಎಲ್ಲ ಸೇರಿ ಹೂಳು. ಸಂಡೂರು ಕಣಿವೆಯ ನಾರಿಹಳ್ಳ ಡ್ಯಾಮಿಗೆ ಹೋಗೋದೇ ಇಲ್ಲ, ದರೋಜಿ ಕೆರೆ ಕಡೆ ಇಳಿಯುತ್ತೆ. ಹೊಸಪೇಟೆ ಕಡೆ ಇಳಿಜಾರಿಂದ ಬಂದಿದ್ದು ಇರಬಹುದು, ಇಲ್ಲ ಅನ್ನಲ್ಲ. ಆದರೆ ಎಲ್ಲಾ ಪಾಪ ಗಣಿ ತಲೆಗೆ ಕಟ್ಟಿದ್ರೆ ನಿಜವಾಗಿ ನಮ್ಮದಿರೋ ಪಾಪಕ್ಕೂ ತಪ್ಪಿಸ್ಕೊಳ್ಳೋ ದಾರಿ ಸಿಗುತ್ತೆ.

ತುಂಗಭದ್ರೆ_ರೈತ:
ಅಂದ್ರೆ ನಾರಿಹಳ್ಳ ಕೆಂಪಾಗಿದ್ದು ನಿಮ್ಮ ಪಾಪ. ಒಪ್ಕೊಂಡ್ರಲ್ಲ, ಸಾಕು.

ಬೆಂಚ್_ಮಟ್ಟ:
ಒಪ್ಕೊಂಡೆ. ಇಳಿಜಾರಲ್ಲಿ ಸುರಿದ ವೇಸ್ಟಿಗೆ ಬುಡದಲ್ಲಿ ತಡೆಗೋಡೆ ಕಟ್ಟದಿದ್ರೆ ಮೊದಲ ಮಳೆಗೇ ಹಳ್ಳಕ್ಕೆ ಬರುತ್ತೆ. ಅದು ನಮಗೆ ಕಾಲೇಜಿನಲ್ಲೇ ಹೇಳಿಕೊಟ್ಟ ಪಾಠ.

ಅಂಕಿಅಂಶ_ಸುಬ್ಬು:
ಮೂಲ ಪ್ರಶ್ನೆಗೆ ಬರೋಣ. ಅಕ್ರಮ ಗಣಿಗಾರಿಕೆ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂತು. 2013ರ ಏಪ್ರಿಲ್ 18ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ಗಣಿಗಳನ್ನ ಅಕ್ರಮ ಎಷ್ಟು ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ, ಮಿತಿಮೀರಿ ಗಡಿ ದಾಟಿದ ಸಿ ಗುಂಪಿನ ಗುತ್ತಿಗೆಗಳನ್ನ ರದ್ದು ಮಾಡಿದ್ರು. ಬಿ ಗುಂಪಿನವರು ಗಡಿಯಾಚೆ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ವೇಸ್ಟ್ ಸುರಿದ ಜಾಗಕ್ಕೆ 1 ಕೋಟಿ ಕಟ್ಟಬೇಕಾಯ್ತು. ಅದಿರು ಹರಾಜಿನ ದುಡ್ಡಲ್ಲೂ ಒಂದು ಪಾಲು ಕಡಿತ. ಪೇಪರಲ್ಲಿ ಬರೋ ಸಾವಿರಾರು ಕೋಟಿ ಹುಟ್ಟಿದ್ದು ಹೀಗೆ. ಅದು ಬಿಟ್ಟು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ ಇದೆ, 2015ರ ಕಾನೂನಿಂದ ಬಂದದ್ದು.
ತೊಡಕು ಇಲ್ಲಿದೆ. ಭೂಮಿ ಸರಿಪಡಿಸೋ ಯೋಜನೆ ಮಾಡಿದ್ದು ಗುತ್ತಿಗೆ ಗುತ್ತಿಗೆ ಲೆಕ್ಕದಲ್ಲಿ. ಕೆಂಪುಧೂಳು ಅವರ ಹೊಲ ಯಾವ ಗುತ್ತಿಗೆಯ ಒಳಗೂ ಇರಲಿಲ್ಲ. ಅಗೆದವನಿಗೆ ಊರಿಲ್ಲ, ಹೆಸರಿಲ್ಲ. ಗುಂಡಿ ಮಾತ್ರ ಪಹಣಿಯಲ್ಲಿ ಅವರ ತಂದೆ ಹೆಸರಲ್ಲಿದೆ.

ಹತ್ತುಗಾಲಿ_ಹೊಸಪೇಟೆ:
ಇದು ಖರೆ. ಪಟ್ಟಾ ಹೊಲದ ಮಾಲು ಯಾರದೋ ಪರ್ಮಿಟ್‌ನಾಗ ಹೋಗ್ತಿತ್ತು. ನಾವು ಟ್ರಿಪ್ ಶೀಟ್ ಓದ್ತಿರಲಿಲ್ಲ, ತೂಕನೂ ಕೇಳ್ತಿರಲಿಲ್ಲ. ಬಾಡಿ ಮ್ಯಾಲೆ ಗೋಪುರ ಕಂಡ್ರ ಹೊರಡೋದು.

ಕೆಂಪುಧೂಳು:
ಎಲ್ಲಾರೂ ಬರೆದ್ರಿ, ಸಂತೋಷ. ಜೋಳದ ಪ್ರಶ್ನಿಗೆ ಯಾರೂ ಉತ್ತರ ಕೊಡಲಿಲ್ಲ. ಕೆರಿ ಹೂಳು ಹೊಡೆಸು ಅಂತ ಊರಾಗ ಹಿರೇರು ಅಂತಾರ. ನಮ್ಮ ಕೆರಿ ಹೂಳು ತಂದು ಅಂಗೈಯಾಗ ತಿಕ್ಕಿ ನೋಡಿದೆ. ಗುಡ್ಡದ ಪುಡಿನ, ಕುಂಕುಮದಂಗ ಬೆರಳಿಗೆ ಮೆತ್ತಿತು. ಅದನ್ನ ಹಾಕಿದ್ರೇನು, ಬಿಟ್ರೇನು.

ಬೆಂಚ್_ಮಟ್ಟ:
ಒಂದು ಕೇಳ್ತೀನಿ. ಪಕ್ಕದಲ್ಲಿ ದಿಬ್ಬ ಇದೆ ಅಂದ್ರಲ್ಲ, ಎಷ್ಟು ಎತ್ತರ? ಹಿಟಾಚಿಯವನು ಮೊದಲು ಕೆರೆದದ್ದು ನಿಮ್ಮ ಉಳುಮೆ ಮಣ್ಣು, ಮೇಲಿನ ಒಂದಡಿ. ಅದನ್ನ ಪಕ್ಕಕ್ಕೆ ಸುರಿದಿರ್ತಾನೆ. ಆಮೇಲೆ ಬಗೆದ ಬಂಜರು ಮಣ್ಣು, ಜರಡಿಯಲ್ಲಿ ಉಳಿದ ಕಲ್ಲು ಎಲ್ಲ ಅದರ ಮೇಲೆ. ಅಂದ್ರೆ ನಿಮ್ಮ ಹೊಲ ದಿಬ್ಬದ ತಳದಲ್ಲಿ ತಲೆಕೆಳಗಾಗಿ ಮಲಗಿರಬಹುದು. ನಿಯಮದ ಪ್ರಕಾರ ನಡೆಸೋ ಗಣಿಯಲ್ಲಿ ಮೇಲ್ಮಣ್ಣನ್ನ ಬೇರೆಯಾಗೇ ಇಡಬೇಕು, ಆಮೇಲೆ ಹುಡುಕಿದ್ರೆ ಸಿಗಲ್ಲ ಅಂತಲೇ. ನಿಮ್ಮಲ್ಲಿ ಯಾರೂ ನಿಯಮ ನೋಡಿಲ್ಲ, ಆದ್ರೂ ಅದೃಷ್ಟ ನೋಡಿ. ಜೆಸಿಬಿ ತಂದು ದಿಬ್ಬವನ್ನ ಮೇಲಿಂದ ತಳ್ಳಿ ಗುಂಡಿ ತುಂಬಬೇಡಿ, ಎಲ್ಲ ಕಲಸಿ ಹೋಗುತ್ತೆ. ಬುಡದಲ್ಲಿ ಪಕ್ಕದಿಂದ ಅಗೆದು ನೋಡಿ.

ಭದ್ರಾದಂಡೆ:
ನೋಡಿ ಇಲ್ಲೂ ಬರೀರಿ. ನಿದ್ದೆ ಬರಲ್ಲ ಈಗ ನನಗೆ.

ಕೆಂಪುಧೂಳು:
ನಾಲ್ಕು ದಿನ ಆತು, ತಡ ಆತು. ಜಾಲಿ ಕಡಿಯಾಕ ಎರಡು ದಿನ ಹಿಡೀತು, ಮುಳ್ಳು ಚಪ್ಪಲಿ ದಾಟಿ ಬರ್ತದ. ಮೂರು ಕಡಿ ಅಗದ್ವಿ. ಎರಡು ಕಡಿ ಬರೇ ಕಲ್ಲು. ಮೂರನೇ ಕಡಿ, ಬದುವಿನ ಕಡಿಗೆ, ಸಲಿಕಿ ಮೆತ್ತಗ ಇಳೀತು. ಕಂದು ಮಣ್ಣು, ಮೊಳ ದಪ್ಪ, ಉದ್ದಕ್ಕ ಹೋಗೇತಿ. ಅವ್ವ ಹಿಡಿ ತಗೊಂಡು ಹಿಚುಕಿ ನೋಡಿ ಏನೂ ಅನ್ನಲಿಲ್ಲ. ಎಷ್ಟು ಎಕರೆಗೆ ಸಾಲ್ತದ ಇದು?

ಬೆಂಚ್_ಮಟ್ಟ:
ಅರ್ಧ ಅಡಿ ಹರಡೋದಾದ್ರೆ ಎಕರೆಗೆ ಸುಮಾರು 600 ಘನ ಮೀಟರ್ ಬೇಕು. ನೀವು ಕಂಡದ್ದು ಒಂದು ಎಕರೆಗೆ ಸಾಕಾದ್ರೆ ದೊಡ್ಡದು. ನಾಲ್ಕಕ್ಕೂ ಅಂತ ಆಸೆ ಇಟ್ಕೋಬೇಡಿ. ಮೊದಲು ಗುಂಡಿಯ ಒಂದು ಮೂಲೆ ಕಲ್ಲಲ್ಲಿ ತುಂಬಿ, ಒಂದು ಮಳೆಗಾಲ ಅದು ಕೂತ್ಕೊಳ್ಳಲಿ ಅಂತ ಬಿಡಿ, ಆಮೇಲೆ ಈ ಮಣ್ಣು. ಮೊದಲ ವರ್ಷ ಜೋಳ ಬೇಡ, ಸೆಣಬು ಚೆಲ್ಲಿ, ಬೆಳೆದ ಮೇಲೆ ಗೊಬ್ಬರಕ್ಕೆ ಅಂತ ಅಲ್ಲೇ ಮಣ್ಣಿಗೆ ಮಡಚಿ ಉತ್ತುಬಿಡಿ.

ಹತ್ತುಗಾಲಿ_ಹೊಸಪೇಟೆ:
ಟಿಪ್ಪರ್ ಇಲ್ಲ ಈಗ, ಟ್ರ್ಯಾಕ್ಟರ್ ಐತಿ. ಟ್ರೇಲರಿಗೆ ಮೂರು ಘನ ಮೀಟರ್ ಅಂದ್ರೂ ಇನ್ನೂರು ಟ್ರಿಪ್ ಆಗ್ತದ ಎಕರೆಗೆ. ಡ್ರೈವರ್ ಪಗಾರ ಬ್ಯಾಡ, ನಾನ ಹೊಡೀತೀನಿ. ಡೀಸೆಲ್ ಲೆಕ್ಕ ನಿಂದು. ದಾರಿ ಅಗಲ ಎಷ್ಟೈತಿ ಅಂತ ಮೊದ್ಲು ಹೇಳು, ಹೊಲದ ಬದುವಿನ ಮ್ಯಾಲೆ ಟ್ರೇಲರ್ ತಿರುಗ್ತದೋ ಇಲ್ಲೋ.